ಊಟಕ್ಕೆ ಹೆದರುವವರೊಡನೆ ಕೂತು ಉಣ್ಣೋಣ

(ತೋಟದ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಹಸಿವು ಎಂದರೇನೆಂದು ತೋಟದ ಜನರಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಡಕೆಯಲ್ಲಿ ಅನ್ನವಿದ್ದೂ ಉಣ್ಣಲಾರದ ಒಂದು ಕಾಯಿಲೆಯಿದೆ. ದಪ್ಪವಾಗುತ್ತೇನೆಂಬ ಭಯದಿಂದ ಹುಡುಗಿಯರು, ಕೆಲವೊಮ್ಮೆ ಹುಡುಗರೂ, ತಟ್ಟೆಯನ್ನು ದೂರ ತಳ್ಳುತ್ತಾ ಎಲುಬಿನ ಗೂಡಾಗಿಬಿಡುತ್ತಾರೆ. ಇದು ಹಠವಲ್ಲ, ಗಾಳಿ ಸೋಂಕಲ್ಲ. ಮನಸ್ಸಿಗೂ ಮೈಗೂ ಸೇರಿದ ರೋಗ. ವೈದ್ಯರ ಸಹಾಯದಿಂದ ವಾಸಿಯಾಗಬಲ್ಲದು. ಅಂಥ ಮಗು ಮತ್ತೆ ಉಣ್ಣತೊಡಗಿದ ದಿನಗಳ ವಿಷಯವನ್ನೇ ನಾವು ಇಂದು ಮಾತಾಡೋಣ. ಬಹಳ ಮನೆಯವರಿಗೆ ಗಾಬರಿಯಾಗುವುದು ಆಗಲೇ.

1944ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನಿಟ್ಟುಕೊಂಡು ಒಂದು ಪರೀಕ್ಷೆ ಆರಂಭಿಸಿದರು. ಯುದ್ಧದಲ್ಲಿ ಹಸಿದು ಬಳಲಿದವರನ್ನು ಹೇಗೆ ಚೇತರಿಸಬೇಕೆಂದು ಕಂಡುಕೊಳ್ಳುವುದು ಅದರ ಉದ್ದೇಶ. ಮನಸ್ಸಾಕ್ಷಿಯ ನಿಮಿತ್ತ ಬಂದೂಕು ಹಿಡಿಯಲೊಪ್ಪದ ಆ ಯುವಕರು ತಾವಾಗಿಯೇ ಮುಂದೆ ಬಂದವರು. ಅವರಲ್ಲಿ ಅನೇಕರು ಕ್ವೇಕರ್, ಮೆನ್ನೊನೈಟ್, ಬ್ರದರನ್ ಸಭೆಗಳವರು. 24 ವಾರ ಅರೆಹೊಟ್ಟೆಯಲ್ಲಿದ್ದು ತೂಕದ ಸುಮಾರು ಕಾಲು ಭಾಗ ಕಳೆದುಕೊಂಡರು. ಗಟ್ಟಿ ಮನಸ್ಸಿನ ಆ ಯುವಕರೂ ಸಿಡುಕಿದರು, ಮಂಕಾದರು, ಹಗಲಿರುಳು ಊಟವನ್ನೇ ಧ್ಯಾನಿಸಿದರು.

ಮುಂದಿನದನ್ನು ಗಮನವಿಟ್ಟು ಕೇಳಿರಿ. ಮತ್ತೆ ಊಟ ಕೊಟ್ಟಾಗ ಅಳೆದಳೆದು ಸ್ವಲ್ಪವೇ ಏರಿಸಿದ್ದು ಸಾಲಲಿಲ್ಲ. ದಿನಕ್ಕೆ ಸುಮಾರು 4000 ಕ್ಯಾಲರಿ, ಅದೂ ತಿಂಗಳುಗಟ್ಟಲೆ ಬೇಕೆಂದು ಕೀಸ್ ಕಂಡರು. ಹೊಟ್ಟೆ ಬಿಗಿದರೂ ಕೆಲವರ ಹಸಿವು ತೀರಲಿಲ್ಲ. ಅದು ಹೊಟ್ಟೆಬಾಕತನವಲ್ಲ. ಸವೆದ ಮಾಂಸವನ್ನೂ ಹೃದಯವನ್ನೂ ದೇಹವು ಮತ್ತೆ ಕಟ್ಟುತ್ತಿತ್ತು.

ನಮ್ಮ ಮಕ್ಕಳಿಗೂ ಹೀಗೇ ಆಗಬಹುದು. ಒಬ್ಬಳಿಗೆ ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬುತ್ತದೆ, ಏಕೆಂದರೆ ಸೊರಗಿದ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಇನ್ನೊಬ್ಬಳಿಗೆ ಎಷ್ಟು ಉಂಡರೂ ಸಾಲದು. ಕಾಲು ಊದಬಹುದು, ರಾತ್ರಿ ಬೆವರಬಹುದು. ಇವನ್ನೆಲ್ಲ ವೈದ್ಯರಿಗೆ ತಿಳಿಸಬೇಕು. ಊಟವನ್ನು ಮಾತ್ರ ನಿಲ್ಲಿಸಬಾರದು.

ಒಂದು ಎಚ್ಚರಿಕೆ. ತೀರಾ ಬಡಕಲಾದವರಿಗೆ, ಹಲವು ದಿನ ಏನೂ ತಿನ್ನದವರಿಗೆ, ಮನೆಯಲ್ಲೇ ಒಮ್ಮೆಲೇ ತುಂಬ ಉಣಿಸಬೇಡಿರಿ. ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯವಾದೀತು. ಮೊದಲ ದಿನಗಳ ಊಟ ಆಸ್ಪತ್ರೆಯಲ್ಲಿ, ರಕ್ತಪರೀಕ್ಷೆಯೊಡನೆ ಆಗಬೇಕು. ಮುಂದೆ ಎಷ್ಟು ಏರಿಸಬೇಕೆಂಬುದನ್ನೂ ವೈದ್ಯರೇ ಹೇಳಲಿ.

ಮನೆಯಲ್ಲಿ ನಾವೇನು ಮಾಡಬಹುದು? ಸೈರನ್ ಕೂಗಿದರೆ ಮನಸ್ಸಿದ್ದರೂ ಇಲ್ಲದಿದ್ದರೂ ನಾವು ಕೆಲಸಕ್ಕೆ ಹೊರಡುತ್ತೇವಲ್ಲವೇ? ಆಕೆಯ ಊಟವೂ ಹಾಗೆ ಹೊತ್ತಿಗೆ ಸರಿಯಾಗಿ ಬರಲಿ: ಮೂರು ಊಟ, ನಡುನಡುವೆ ತಿಂಡಿ. ಹಸಿವಾಗಲಿ ಎಂದು ಕಾಯುವುದು ಬೇಡ. ಹೊಟ್ಟೆ ಬೇಗ ತುಂಬುವವಳಿಗೆ ಕಪ್ಪು ಚಹಾ, ನೀರು ಮಜ್ಜಿಗೆಗಿಂತ ಹಾಲು, ಮೊಟ್ಟೆ, ಕಡಲೆಕಾಯಿ, ತೆಂಗಿನಕಾಯಿ, ಎಣ್ಣೆ ಹಾಕಿದ ಪಲ್ಯ ಮೇಲು, ಸ್ವಲ್ಪದರಲ್ಲೇ ಬಲವಿದೆ.

ಕವಾತು ಮಾಡಿದ ಚಹಾ ಗಿಡದಿಂದ ನಾವು ಮರುವಾರವೇ ಸೊಪ್ಪು ಕೀಳುವುದಿಲ್ಲ. ಹಾಗೆಯೇ ಆಕೆಗೂ ಭಾರದ ಕೆಲಸ, ಓಟ ಕೆಲವು ಕಾಲ ಬೇಡ.

ತಟ್ಟೆಯ ಮುಂದೆ ಆಕೆಯನ್ನು ಒಂಟಿಯಾಗಿ ಬಿಡಬೇಡಿರಿ. ಜೊತೆಗೆ ಕೂತು ಅದೇ ಊಟ ಉಣ್ಣಿರಿ. ಉಂಡ ನಂತರದ ಅರ್ಧ ತಾಸು ಅಪರಾಧಭಾವ ಹಿಂಡುತ್ತದೆ. ಆಗ ಹೂ ಕಟ್ಟುತ್ತಲೋ ಹರಟುತ್ತಲೋ ಬಳಿಯಲ್ಲಿರಿ. ‘ಮೈ ತುಂಬಿದೆಯಲ್ಲ’ ಎಂದು ಮೆಚ್ಚಿ ಆಡಿದ ಮಾತೂ ಆಕೆಗೆ ಮುಳ್ಳಾಗುತ್ತದೆ. ಪಕ್ಕದ ಲೈನಿನವರಿಗೂ ಇದನ್ನು ಹೇಳಿರಿ. ತೂಕ ಮೊದಲು ಹೊಟ್ಟೆಗೇ ಸೇರಿದಂತೆ ಕಾಣಬಹುದು. ಕಾಲ ಕಳೆದಂತೆ ಮೈಯೆಲ್ಲ ಹಂಚಿಕೊಳ್ಳುತ್ತದೆ.

ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿರಿ. ಅದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಭಯ ಹೋದ ಮೇಲೆ ಉಣ್ಣುತ್ತಾಳೆಂದು ಕಾಯಬೇಡಿರಿ. ಉಣ್ಣುತ್ತಾ ಉಣ್ಣುತ್ತಾ ಭಯ ಸಡಿಲುತ್ತದೆ. ಅಲ್ಲಿಯ ತನಕ ಆಕೆಯ ಪಕ್ಕದಲ್ಲಿ ನಮ್ಮ ತಟ್ಟೆಯೂ ಇರಲಿ.