ತರುಣ ಮನಸ್ಸಿನ ವೈದ್ಯರು

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಈ ಸಲ ಕಾರ್ಯಕಾರಿ ಸಮಿತಿಯವರು ನಮ್ಮನ್ನು ಕರೆದು, ಚೆನ್ನೈಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮುಂದೆ ಹಿಡಿಯಬಹುದಾದ ಒಂದು ವೃತ್ತಿಯನ್ನು ಕುರಿತು ಹೇಳಬೇಕೆಂದು ಅಪ್ಪಣೆ ಮಾಡಿದರು. ಇಂಜಿನಿಯರಿಂಗ್ ವಿಷಯವೂ ಲೆಕ್ಕಪರಿಶೋಧನೆಯ ವಿಷಯವೂ ತಮಗೆ ನಮಗಿಂತ ಚೆನ್ನಾಗಿ ಗೊತ್ತು. ವೈದ್ಯಕಾಲೇಜುಗಳಲ್ಲಿ ಪಾಠ ಹೇಳಿಕೊಂಡು ಬಂದವರು ನಾವು. ಆದುದರಿಂದ ನಮಗೆ ತಿಳಿದ, ಆದರೆ ತಮ್ಮಲ್ಲಿ ಬಹುಮಂದಿ ಮಕ್ಕಳಿಗೆ ಬೇಡವೆಂದೇ ಹೇಳುವ ವೃತ್ತಿಯೊಂದನ್ನು ಆರಿಸಿಕೊಂಡಿದ್ದೇವೆ. ತರುಣರ ಮನೋರೋಗಗಳಿಗೆ ಚಿಕಿತ್ಸೆ ಮಾಡುತ್ತ, ಅದೇ ರೋಗಗಳ ಮೇಲೆ ಸಂಶೋಧನೆ ನಡೆಸುತ್ತ, ಜೊತೆಗೆ ಪಾಠವನ್ನೂ ಹೇಳುತ್ತ ಬಾಳುವ ವೈದ್ಯರ ವೃತ್ತಿ ಅದು.

ಬೇಡವೆನ್ನುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಈ ಊರಿನಲ್ಲಿ ಒಬ್ಬನನ್ನು ಹಂಗಿಸಬೇಕಾದರೆ ಕೀಲ್ಪಾಕ್ ಆಸ್ಪತ್ರೆಯ ಹೆಸರೆತ್ತುತ್ತಾರೆ; ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರೆತ್ತುತ್ತಾರೆ. ರೋಗಿಗೆ ಅಂಟಿದ ಕಳಂಕ ವೈದ್ಯನಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದ ಮಗಳು ಮನೋವೈದ್ಯಶಾಸ್ತ್ರ ಓದುತ್ತೇನೆಂದರೆ, “ಅಷ್ಟೆಲ್ಲ ಓದಿ ಹುಚ್ಚರ ಡಾಕ್ಟರಾಗುವುದೇನೇ?” ಎಂದು ಕೇಳದ ಅಜ್ಜಿ ಅಪರೂಪ. ಅಜ್ಜಿಯನ್ನು ದೂರಿ ಪ್ರಯೋಜನವಿಲ್ಲ. ವೈದ್ಯಕಾಲೇಜುಗಳೊಳಗೇ ಶಸ್ತ್ರಚಿಕಿತ್ಸಕರು ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ.

ತರುಣರನ್ನೇ ಏಕೆ ಪ್ರತ್ಯೇಕವಾಗಿ ನೋಡಬೇಕು? ಹೃದ್ರೋಗ ಸಾಮಾನ್ಯವಾಗಿ ಮಕ್ಕಳ ಮದುವೆಯಾದ ಮೇಲೆ ಬರುತ್ತದೆ. ಮನೋರೋಗದ ಕ್ರಮ ಬೇರೆ. ಅಮೆರಿಕದ ರೊನಾಲ್ಡ್ ಕೆಸ್ಲರ್ ಮತ್ತು ಸಹೋದ್ಯೋಗಿಗಳು ೨೦೦೫ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಮನೋರೋಗಕ್ಕೆ ಈಡಾಗುವವರಲ್ಲಿ ಅರ್ಧದಷ್ಟು ಮಂದಿಗೆ ಅದು ೧೪ ವರ್ಷದೊಳಗೆ, ಮುಕ್ಕಾಲು ಪಾಲು ಮಂದಿಗೆ ೨೪ ವರ್ಷದೊಳಗೆ ಮೊದಲಾಗಿರುತ್ತದೆ. ಅಂದರೆ ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಮೊದಲ ನೌಕರಿ, ಹೆಣ್ಣು ಗಂಡು ನೋಡುವ ಕಾಲ. ಅರುವತ್ತರ ವಯಸ್ಸಿನಲ್ಲಿ ಒಂದು ವರ್ಷ ಹಾಸಿಗೆ ಹಿಡಿದವರು ಎದ್ದು ತಮ್ಮ ಮನೆಗೇ ಹಿಂದಿರುಗುತ್ತಾರೆ. ಹದಿನೇಳರಲ್ಲಿ ಒಂದು ವರ್ಷ ಕಳೆದುಕೊಂಡ ಹುಡುಗನಿಗೆ ಹಿಂದಿರುಗಲು ತರಗತಿಯೂ ಇರುವುದಿಲ್ಲ, ಗೆಳೆಯರೂ ಇರುವುದಿಲ್ಲ. ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ೧೩ರಿಂದ ೧೭ ವರ್ಷದವರಲ್ಲಿ ಶೇಕಡ ೭.೩ರಷ್ಟು ಮಂದಿಗೆ ಮಾನಸಿಕ ತೊಂದರೆಯಿದೆಯೆಂದು ಕಂಡಿತು. ಇದು ಸಿರಿವಂತರ ರೋಗವೆಂದು ಹೇಳುವವರುಂಟು. ಪ್ರೊಫೆಸರ್ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬೀದಿಗಳಲ್ಲಿ, ಕೊಳೆಗೇರಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ೧೬ ವರ್ಷದವರೆಗಿನ ೨,೦೬೪ ಮಕ್ಕಳನ್ನು ನೋಡಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮೂರು ಕಡೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ; ಒಟ್ಟಿನಲ್ಲಿ ಶೇಕಡ ೧೨.೫.

ಇಂಥ ವೈದ್ಯರ ಬಾಳು ಹೇಗಿರುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಡಾಕ್ಟರ್ ಶಾರದಾ ಮೆನನ್ ಅವರು ೧೯೨೩ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಮನೆಮಾತು ಮಲಯಾಳ, ಓದಿದ್ದು ಮದರಾಸು, ಮನೋವೈದ್ಯದ ತರಬೇತಿ ಪಡೆದದ್ದು ಬೆಂಗಳೂರು. ದೇಶದ ಮೊದಲ ಮಹಿಳಾ ಮನೋವೈದ್ಯರೆಂದು ಅವರನ್ನು ಗೌರವಿಸುತ್ತಾರೆ. ೧೯೫೯ರಲ್ಲಿ ಕೀಲ್ಪಾಕಿನ ಆಸ್ಪತ್ರೆಯನ್ನು ಸೇರಿ, ೧೯೬೧ರಿಂದ ೧೯೭೮ರವರೆಗೆ ಅದರ ಸೂಪರಿಂಟೆಂಡೆಂಟ್ ಆಗಿದ್ದರು. ಸಾವಿರಾರು ರೋಗಿಗಳು, ಬೆರಳೆಣಿಕೆಯ ವೈದ್ಯರು ಇದ್ದ ಕಾಲ ಅದು. ಹೊಸ ಔಷಧಗಳಿಂದ ಕೂಗಾಟ ಹಾರಾಟ ಶಮನವಾದ ರೋಗಿಯೂ ಮನೆಗೆ ಹೋಗಿ ಮೂಲೆಯಲ್ಲಿ ಕೂಡುವುದನ್ನು ಕಂಡ ಅವರಿಗೆ ಔಷಧವೊಂದೇ ಸಾಲದೆಂಬುದು ಮನವರಿಕೆಯಾಗಿತ್ತು. ನಿವೃತ್ತಿಯ ನಂತರ, ಎಲ್ಲರೂ ಮೊಮ್ಮಕ್ಕಳೊಡನೆ ಕಾಲ ಕಳೆಯುವ ವಯಸ್ಸಿನಲ್ಲಿ, ೧೯೮೪ರಲ್ಲಿ ಸ್ಕಾರ್ಫ್ ಎಂಬ ಸ್ಕಿಜೋಫ್ರೀನಿಯಾ ಸಂಶೋಧನ ಪ್ರತಿಷ್ಠಾನವನ್ನು ಇದೇ ಊರಿನಲ್ಲಿ ಕಟ್ಟಿದರು. ೧೯೯೨ರಲ್ಲಿ ಪದ್ಮಭೂಷಣ ಬಂತು. ೨೦೨೧ರಲ್ಲಿ ತೀರಿಕೊಂಡರು.

ಅವರ ಜೊತೆಯಲ್ಲಿ ಆ ಸಂಸ್ಥೆಯನ್ನು ಬೆಳೆಸಿದವರು ಡಾಕ್ಟರ್ ಆರ್. ತಾರಾ. ಮದರಾಸಿನ ದೀರ್ಘಾವಧಿ ಅಧ್ಯಯನವೆಂದು ಹೊರದೇಶಗಳಲ್ಲಿಯೂ ಹೆಸರಾದ ಕಾರ್ಯ ಅವರದು. ೧೯೮೧ರ ಸುಮಾರಿನಲ್ಲಿ, ಸ್ಕಿಜೋಫ್ರೀನಿಯಾ ಮೊದಲ ಸಲ ಬಂದು ಚಿಕಿತ್ಸೆಗೆ ಸೇರಿದ ೯೦ ಮಂದಿಯನ್ನು ಗುರುತುಮಾಡಿಕೊಂಡು, ಅವರನ್ನು ಬಿಡದೆ ನೋಡುತ್ತ ಹೋದರು. ಹತ್ತು ವರ್ಷ, ಆಮೇಲೆ ಇಪ್ಪತ್ತು ವರ್ಷ. ಇಪ್ಪತ್ತರ ಕೊನೆಗೆ ೬೧ ಮಂದಿ ಇನ್ನೂ ಇವರ ಕೈಗೆ ಸಿಕ್ಕುತ್ತಿದ್ದರು. ಈ ಅಂಕಿಗಳನ್ನು ಓದುವುದಕ್ಕೆ ಒಂದು ನಿಮಿಷ ಸಾಕು, ಸಂಪಾದಿಸುವುದಕ್ಕೆ ಒಬ್ಬರ ಯೌವನ ಪೂರ್ತಿ ಬೇಕು. ರೋಗಿ ಮನೆ ಬದಲಾಯಿಸುತ್ತಾನೆ; ಅಣ್ಣ ತಮ್ಮಂದಿರು ಬೇರೆಯಾಗುತ್ತಾರೆ; ತಾಯಿ ಸಾಯುತ್ತಾಳೆ; ಹೊಸದಾಗಿ ಬಂದ ಸೊಸೆ, ಆಸ್ಪತ್ರೆಯವರು ಬಾಗಿಲಿಗೆ ಬರಬಾರದೆನ್ನುತ್ತಾಳೆ. ರೋಗಿಗೆ ವೈದ್ಯರಲ್ಲಿ ವಿಶ್ವಾಸವಿದ್ದರೆ ಮಾತ್ರ ಹುಡುಕಿದಾಗ ಸಿಗುತ್ತಾನೆ. ಚಿಕಿತ್ಸೆ ಒಂದು ಕೈ, ಸಂಶೋಧನೆ ಇನ್ನೊಂದು ಕೈ ಎಂದು ಜನ ತಿಳಿದಿದ್ದಾರೆ. ಇಪ್ಪತ್ತು ವರ್ಷ ಚೆನ್ನಾಗಿ ಚಿಕಿತ್ಸೆ ಮಾಡದವರಿಗೆ ಇಂಥ ಸಂಶೋಧನೆ ಸಾಧ್ಯವೇ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಇಂಥ ಅಧ್ಯಯನಗಳು ಮನೆಯ ವಿಚಾರಗಳಲ್ಲಿಯೂ ಕೈಹಾಕುತ್ತವೆ. ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ ಎಂಬ ಗಾದೆಯನ್ನು ನಾವೆಲ್ಲರೂ ನಕ್ಕು ಹೇಳಿದ್ದೇವೆ. ನಗದೆ ಅದನ್ನು ಪ್ರಯೋಗಿಸಿ ನೋಡಿದ ಮನೆಗಳೂ ಇವೆ: ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ತಾನೇ ಸರಿಹೋಗುತ್ತದೆಂದು. ಈ ರೋಗಕ್ಕೆ ಗುರಿಯಾಗಿ ದಾಂಪತ್ಯ ಮುರಿದುಹೋದ ಹೆಂಗಸರನ್ನು ಕುರಿತು ತಾರಾ ಅವರೂ ಸಹೋದ್ಯೋಗಿಗಳೂ ಬೇರೆಯಾಗಿಯೇ ಅಧ್ಯಯನ ಮಾಡಿದರು. ಅವರು ಕಂಡದ್ದು ತವರಿಗೆ ಹಿಂದಿರುಗಿದ ಮಗಳನ್ನು, ಅವಳನ್ನು ನೋಡಿಕೊಳ್ಳುವ ಮುದಿ ತಂದೆತಾಯಿಗಳನ್ನು, ‘ನಮ್ಮ ತರುವಾಯ ಇವಳಿಗೆ ಯಾರು?’ ಎಂಬ ಅವರ ಚಿಂತೆಯನ್ನು.

ಇನ್ನೊಂದು ಉದಾಹರಣೆ ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಡಾಕ್ಟರ್ ಲಕ್ಷ್ಮೀ ವಿಜಯಕುಮಾರ್ ಅವರು ೧೯೮೬ರಲ್ಲಿ ಈ ಊರಿನಲ್ಲಿ ‘ಸ್ನೇಹಾ’ ಎಂಬ ಆತ್ಮಹತ್ಯಾ ನಿವಾರಣ ಕೇಂದ್ರವನ್ನು ಸ್ಥಾಪಿಸಿದರು. ಫಲಿತಾಂಶದ ದಿನಗಳು ಬಂದರೆ ಹುಡುಗರ ಸಂಕಟ ಏರುವುದು ಅಲ್ಲಿಯವರಿಗೆ ಗೋಚರವಾಗುತ್ತಿತ್ತು. ಒಂದು ವಿಷಯದಲ್ಲಿ ನಪಾಸಾದವನಿಗೆ ಇಡೀ ವರ್ಷ ಹೋಗುತ್ತದೆ. ಹದಿನೇಳು ವರ್ಷದವನಿಗೆ ಅದು ಬಾಳೇ ಮುಗಿದಂತೆ. ಪ್ರತಿಯೊಬ್ಬನಿಗೂ ಸಮಾಧಾನ ಹೇಳಿ ಕಳುಹಿಸುವುದು ಒಂದು ದಾರಿ. ವರ್ಷ ಹೋಗದಂತೆಯೇ ಮಾಡಿದರೆ? ಫಲಿತಾಂಶವಾದ ಕೆಲವೇ ವಾರಗಳಲ್ಲಿ ಪೂರಕ ಪರೀಕ್ಷೆ ನಡೆಸಿ, ಅದೇ ವರ್ಷ ಮುಂದಿನ ತರಗತಿಗೆ ಸೇರಲು ಅವಕಾಶ ಕೊಡಬೇಕೆಂದು ಅವರು ಒತ್ತಾಯಪಡಿಸಿದರು. ತಮಿಳುನಾಡು ಸರ್ಕಾರ ಅದನ್ನು ಜಾರಿಗೆ ತಂದಿತು. ಅನಂತರದ ವರ್ಷಗಳಲ್ಲಿ, ನಪಾಸಾದ ಕಾರಣಕ್ಕೆ ಪ್ರಾಣ ಬಿಡುವವರ ಸಂಖ್ಯೆ ಈ ರಾಜ್ಯದಲ್ಲಿ ಇಳಿಯಿತು. ಪರೀಕ್ಷಾ ಮಂಡಲಿಯ ವೇಳಾಪಟ್ಟಿಯೂ ಒಂದು ಔಷಧವಾಗಬಲ್ಲದೆಂದು ತಿಳಿಯಬೇಕಾದರೆ, ರೋಗಿಯ ಮುಂದೆ ಕುಳಿತವರೇ ಅಂಕಿ ಅಂಶಗಳನ್ನೂ ಕೂಡಿಸಬೇಕು. ಬರಿಯ ವೈದ್ಯನಿಗೂ ಬರಿಯ ಅಂಕಿತಜ್ಞನಿಗೂ ಇದು ಹೊಳೆಯುವುದು ಕಷ್ಟ.

ನಮ್ಮ ಮನೆಗಳ ಒಂದು ಗುಣವನ್ನೂ ಹೇಳಿಬಿಡಬೇಕು. ಸ್ಕಾರ್ಫ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸೇರಿ, ಚೆನ್ನೈ ಮತ್ತು ಮಾಂಟ್ರಿಯಲ್ ನಗರಗಳಲ್ಲಿ ಮೊದಲ ಸಲ ಚಿತ್ತವಿಕಲತೆಗೆ ಒಳಗಾದ ತರುಣರನ್ನು ಹೋಲಿಸಿ ನೋಡಿದರು. ಚಿಕಿತ್ಸೆಯನ್ನು ನಡುವೆ ಬಿಟ್ಟುಹೋದವರು ಚೆನ್ನೈಯಲ್ಲಿ ಬಹು ಕಡಿಮೆ. ಇಲ್ಲಿ ಹುಡುಗನೊಬ್ಬನೇ ಆಸ್ಪತ್ರೆಗೆ ಬರುವುದಿಲ್ಲ. ತಾಯಿ, ಚಿಕ್ಕಪ್ಪ, ಒಂದು ಟಿಫನ್ ಕ್ಯಾರಿಯರ್ ಎಲ್ಲವೂ ಜೊತೆಗೆ ಬರುತ್ತವೆ. ರೋಗವನ್ನು ಮುಚ್ಚಿಡುವ ಮನೆಯೇ, ಒಮ್ಮೆ ಬಾಗಿಲು ತೆರೆದರೆ, ಕೊನೆಯತನಕ ರೋಗಿಯ ಕೈ ಬಿಡುವುದಿಲ್ಲ. ಬಾಗಿಲು ತೆರೆಯುವುದು ತಡವಾಗುತ್ತದೆ, ಅಷ್ಟೆ. ದೇವಸ್ಥಾನ, ಜಾತಕ, ಪೌಷ್ಟಿಕ ಔಷಧ ಎಲ್ಲ ಮುಗಿದ ಮೇಲೆ ನಮ್ಮ ಸರದಿ.

ಈಗ ಕನ್ನಡದ ಮಾತಿಗೆ ಬರೋಣ. ಇಂದಿನ ದಿನ ಅದನ್ನು ಬಿಟ್ಟರೆ ತಾವು ಒಪ್ಪಲಾರಿರಿ. ನಮ್ಮ ವಿಷಯಕ್ಕೂ ಅದು ಬಹಳ ಹತ್ತಿರದ್ದು. ಮನೋವೈದ್ಯನಿಗೆ ಎದೆಗೊಳವೆ ಇಲ್ಲ. ರೋಗಿಯ ಮಾತೇ ಅವನ ಎದೆಗೊಳವೆ. ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಗಳು ಬಹುತೇಕ ಇಂಗ್ಲಿಷಿನಲ್ಲಿ ಹುಟ್ಟಿದವು. ಅವನ್ನು ಕನ್ನಡಕ್ಕೆ ತಂದು, ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸುವುದು ಕ್ರಮ. ಅಲ್ಲಿ ‘ಬೇಜಾರು’ ಎಂಬ ಒಂದು ಪದದ ಮುಂದೆ ಪಂಡಿತರೂ ನಿಂತುಬಿಡುತ್ತಾರೆ. ಮಾಡಲು ಕೆಲಸವಿಲ್ಲದವನಿಗೂ ಬೇಜಾರು; ಗೆಳತಿ ಮಾತು ಬಿಟ್ಟವನಿಗೂ ಬೇಜಾರು; ನೀವು ಕರೆಯಲಿಲ್ಲವೆಂದು ನೆಂಟರಿಗೂ ಬೇಜಾರು; ಬದುಕೇ ಸಾಕೆನ್ನಿಸಿದವಳು ಹೇಳುವುದೂ “ಯಾಕೋ ಬೇಜಾರು” ಎಂದೇ. ಇವುಗಳಲ್ಲಿ ಯಾವುದು ಯಾವುದೆಂದು ದನಿಯಿಂದ ತಿಳಿಯಬೇಕು. ಹುಬ್ಬಳ್ಳಿಯ ಹುಡುಗಿಯ ‘ಬ್ಯಾಸರ’ ಮೈಸೂರಿನವಳ ಬೇಜಾರೇ ಹೌದೋ ಅಲ್ಲವೋ ಎಂಬುದು ಕೂಡ ಸಂಶೋಧನೆಗೆ ತಕ್ಕ ಪ್ರಶ್ನೆಯೇ. ಇನ್ನು ಈ ಊರಿನ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಅಡಿಗೆಮನೆಯಲ್ಲಿ ಕನ್ನಡ ಆಡುತ್ತಾರೆ. ಅಂಕಿಗಳ ಕಷ್ಟವನ್ನು ಇಂಗ್ಲಿಷಿನಲ್ಲಿ ಹೇಳುವ ಹುಡುಗ, ಅಪ್ಪನ ಮೇಲಿನ ಕೋಪವನ್ನು ಕನ್ನಡದಲ್ಲಿ ಮಾತ್ರ ಹೇಳಬಲ್ಲ. ಮೂರನ್ನೂ ಬಲ್ಲ ವೈದ್ಯರು ಬೇಕಾಗಿದ್ದಾರೆ. ಅವರು ಇಂಥ ಸಭಾಂಗಣದಿಂದಲೇ ಬರಬೇಕು.

ಬರುವ ದಾರಿ ಉದ್ದವೇ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು, ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಶಾಸ್ತ್ರದಲ್ಲಿ ನಿಮ್ಹಾನ್ಸ್ ನಡೆಸುವ ಡಿ.ಎಂ. ವ್ಯಾಸಂಗ ಮಾಡಿದರೆ ಮತ್ತೆ ಮೂರು. ವೈದ್ಯ ಓದದವರಿಗೆ ಚಿಕಿತ್ಸಾ ಮನಶ್ಶಾಸ್ತ್ರದ ಬಾಗಿಲಿದೆ. ಮನೋವೈದ್ಯಕೀಯ ಸಮಾಜಕಾರ್ಯದ ಬಾಗಿಲೂ ಇದೆ. ಓದು ಮುಗಿಸಿ ಅಧ್ಯಾಪಕರಾದವರ ದಿನಚರಿ ಹೀಗೆ: ಬೆಳಿಗ್ಗೆ ಹೊರರೋಗಿಗಳ ಸಾಲು, ಮಧ್ಯಾಹ್ನ ಪಾಠ, ಸಂಜೆ ರೋಗಿಗಳ ದಾಖಲೆ, ರಾತ್ರಿ ಪ್ರಬಂಧ. ಖಾಸಗಿ ಕ್ಲಿನಿಕ್ ತೆರೆದ ಸಹಪಾಠಿಯ ವರಮಾನ ಬಹುಬೇಗ ಇವರದನ್ನು ದಾಟುತ್ತದೆ. ಅನುದಾನ ಬರುವುದು ಮೂರು ವರ್ಷಕ್ಕೆ, ಐದು ವರ್ಷಕ್ಕೆ. ರೋಗ ನಡೆಯುವುದು ಇಪ್ಪತ್ತು ವರ್ಷ. ಬಡ್ತಿ ಕೊಡುವವರು ಪ್ರಬಂಧಗಳನ್ನು ಎಣಿಸುತ್ತಾರೆ. ಶಾಲೆಗೆ ಮರಳಿ ಸೇರಿದ ಹುಡುಗರನ್ನು ಎಣಿಸುವ ಅಂಕಣ ಅವರ ಪತ್ರದಲ್ಲಿ ಇಲ್ಲ. ಇದು ನಮಗೆ ಸರಿಯೆಂದು ಯಾವತ್ತೂ ತೋರಿಲ್ಲ.

ಇದಲ್ಲದೆ ತರುಣರ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ೧೮ ತುಂಬದವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಪೋಷಕರ ಸಮ್ಮತಿ ಬೇಕು, ಹುಡುಗನ ಒಪ್ಪಿಗೆಯೂ ಬೇಕು. ನ್ಯಾಯವಾದ ನಿಯಮವೇ. ಆದರೆ ಯಾವ ಮನೆಯಲ್ಲಿ ಮಗನ ಕಷ್ಟವನ್ನು ಒಪ್ಪಿಕೊಳ್ಳುವುದೇ ಇಲ್ಲವೋ, ಆ ಮಗ ಯಾವ ಅಧ್ಯಯನದೊಳಗೂ ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ತೊಂದರೆಯಲ್ಲಿರುವವರನ್ನು ಕುರಿತೇ ನಮಗೆ ಎಲ್ಲಕ್ಕಿಂತ ಕಡಿಮೆ ತಿಳಿದಿದೆ. ಇದಕ್ಕೆ ವೈದ್ಯರ ಬಳಿ ಉಪಾಯವಿಲ್ಲ. ಇಲ್ಲಿ ಕುಳಿತಿರುವ ತಂದೆತಾಯಿಗಳ ಬಳಿ ಇದೆ.

ಕೊನೆಯಲ್ಲಿ ಉಪಯೋಗದ ಒಂದು ಮಾತು. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲು ರಾತ್ರಿ ನಡೆಯುತ್ತದೆ, ಹಣವಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಬರೆದುಕೊಳ್ಳುವವರು ಬರೆದುಕೊಳ್ಳಿ. ಈ ವಿದ್ಯೆಯ ಕಡೆಗೆ ಮನಸ್ಸಿರುವ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ಕಾಫಿಯ ಹೊತ್ತಿನಲ್ಲಿ ನಮ್ಮ ಬಳಿಗೆ ಬರಲಿ; ಅಜ್ಜಿಯನ್ನೂ ಕರೆದುಕೊಂಡು ಬಂದರೆ ಇನ್ನೂ ಸಂತೋಷ.