ಪರಮತಭಯವಿಮರ್ಶೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬೆಂಗಳೂರು ಕುಮಾರಸ್ವಾಮಿ ಬಡಾವಣೆಯ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಗ್ರಂಥಭಂಡಾರವನ್ನು ಕುರಿತು ನಾಲ್ಕು ಮಾತನ್ನಾಡಬೇಕೆಂದು ಮೊದಲು ನನಗೆ ಅಪ್ಪಣೆಯಾಗಿದ್ದಿತು. ಆದರೆ ಈ ಬಡಾವಣೆಯ ಭಕ್ತರು ಕೆಲವು ಕಾಲದಿಂದ ನನ್ನಲ್ಲಿ ಕೇಳುತ್ತಿರುವುದು ತಾಳೆಗರಿಯ ವಿಷಯವನ್ನಲ್ಲ. "ಇಸ್ಲಾಂ ಮತಕ್ಕೆ ನಾವು ಅಂಜಬೇಕಾದುದುಂಟೆ? ಆ ಅಂಜಿಕೆ ವಿವೇಕವೋ, ದುರಾಗ್ರಹವೋ?" ಎಂಬುದೇ ಅವರ ಪ್ರಶ್ನೆ. ಇದನ್ನು ಕೇಳುವವರಲ್ಲಿ ಬೀದರ, ಕಲಬುರ್ಗಿ ಕಡೆಗಳಿಂದ ಬಂದು ಇಲ್ಲಿ ಮನೆಮಾಡಿರುವ ಹಿರಿಯರುಂಟು. ಮೈಸೂರು ಸೀಮೆಯವರೂ ಉಂಟು. ಪಕ್ಕದ ಇಲಿಯಾಸ್ ನಗರದ ಬಾಂಗಿನ ಧ್ವನಿ ಈ ಬಡಾವಣೆಗೆ ಕೇಳಿಸುತ್ತದೆ. ನಮ್ಮ ಗಂಟೆಯ ಧ್ವನಿ ಅವರಿಗೂ ಕೇಳಿಸುತ್ತಿರಬೇಕು. ಇಷ್ಟು ಸಮೀಪದಲ್ಲಿರುವವರನ್ನು ಕುರಿತ ಪ್ರಶ್ನೆಗೆ ಉತ್ತರಕೊಡದೆ ಗ್ರಂಥಭಂಡಾರವನ್ನು ವರ್ಣಿಸುವುದು ಸರಿಯಲ್ಲವೆಂದು ಅರಿಕೆಮಾಡಿಕೊಂಡೆನು; ಪೂಜ್ಯರು ಸಮ್ಮತಿಸಿದರು.

ಭಯವೆಂಬುದು ತನಗೆ ತಾನೇ ದೋಷವಲ್ಲ. ಹಾವನ್ನು ಕಂಡು ಹಿಂದೆ ಸರಿಯುವವನನ್ನು ಯಾರೂ ಹೇಡಿಯೆನ್ನರು. ಹಗ್ಗವನ್ನು ಕಂಡು ಓಡುವವನನ್ನು ಕೂಡ ಮೊದಲ ಸಲ ಬೈಯಲಾಗದು, ಕತ್ತಲೆಯಿದ್ದಿರಬಹುದು. ದೀಪವನ್ನು ತಂದು ತೋರಿಸಿದ ಮೇಲೆಯೂ ಅದನ್ನು ಹಾವೆಂದೇ ಹಟಹಿಡಿದು, ಕೋಲೆತ್ತಿಕೊಂಡು ನೆರೆಮನೆಯ ಹಗ್ಗಗಳನ್ನೆಲ್ಲ ಬಡಿಯಹೋಗುವವನ ವಿಷಯವು ಬೇರೆ. ಆದುದರಿಂದ ನಮ್ಮ ಹಿರಿಯರು ಕಂಡದ್ದು ಹಾವೋ ಹಗ್ಗವೋ ಎಂಬುದನ್ನು ಮೊದಲು ನೋಡತಕ್ಕದ್ದು.

ಅವರು ಕಂಡದ್ದು ಹಾವನ್ನೇ. ಇದನ್ನು ಮುಚ್ಚಿ ಮಾತನಾಡುವವರ ಮಾತಿಗೆ ಬೀದರದ ಹಿರಿಯರು ಕಿವಿಗೊಡಲಾರರು. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಸಂಸ್ಥಾನದಲ್ಲಿ, ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರೆಂಬ ಪಡೆಯು ಊರೂರನ್ನು ಸುಲಿಯಿತು. ಬಸವಣ್ಣನವರ ಕಲ್ಯಾಣಕ್ಕೆ ಅನತಿದೂರದ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಕೊಲೆಯನ್ನು ಆ ಸೀಮೆಯ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಆ ದಿನಗಳಲ್ಲಿ ಗಡಿದಾಟಿ ಬಂದು ಶಿಬಿರಗಳಲ್ಲಿ ಸೇರಿದವರು ಭ್ರಾಂತಿಯಿಂದ ಬಂದವರಲ್ಲ. ಅವರ ಭಯವು ಪ್ರತ್ಯಕ್ಷಪ್ರಮಾಣದಿಂದ ಸಿದ್ಧವಾದುದು.

ಇಲ್ಲಿಯವರೆಗೆ ವಿವಾದವಿಲ್ಲ. ಮುಂದಿನ ಹೆಜ್ಜೆಯಲ್ಲಿ ತೊಡಕಿದೆ. "ರಜಾಕಾರರು ಮುಸಲ್ಮಾನರು, ರಜಾಕಾರರು ಕ್ರೂರರು, ಆದುದರಿಂದ ಮುಸಲ್ಮಾನರೆಲ್ಲರೂ, ಅವರ ಮತವೂ ಕ್ರೂರ" ಎಂದು ಅನುಮಾನವನ್ನು ಕಟ್ಟುತ್ತಾರೆ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ಬಾಲಕನೂ ಈ ಅನುಮಾನವನ್ನು ಒಪ್ಪನು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ಸರಿಯಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಬೇಕಾದರೆ ಹಸಿಸೌದೆ ಕೂಡಬೇಕು. ಈ ಹಸಿಸೌದೆಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟಿರುವರು. ಉಪಾಧಿಯನ್ನು ಗುರುತಿಸದೆ ವ್ಯಾಪ್ತಿಯನ್ನು ಹೇಳುವವನ ಹೇತುವು ದುಷ್ಟಹೇತುವು. ಹೈದರಾಬಾದಿನ ಸಂಗತಿಯಲ್ಲಿ ಹಸಿಸೌದೆ ಯಾವುದು? ಕುಸಿಯುತ್ತಿದ್ದ ಒಂದು ಪ್ರಭುತ್ವ, ಅದು ಆಯುಧಕೊಟ್ಟು ಬೀದಿಗೆ ಬಿಟ್ಟ ಪಡೆ, ಕೇಳುವವರಿಲ್ಲದ ಅಧಿಕಾರ. ಇವು ಕೂಡಿದಲ್ಲಿ ಯಾವ ಮತದವರಿಂದಲೂ ಹೊಗೆಯೆದ್ದುದುಂಟು.

ಇದನ್ನು ತೋರಿಸಲು ದೂರ ಹೋಗಬೇಕಾದುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಕಂದಾಯದ ಭಾರಕ್ಕೆ ಪ್ರಜೆಗಳು ತಿರುಗಿಬಿದ್ದಾಗ, ಆ ಗಲಭೆಗೆ ಜಂಗಮರೇ ಮೂಲವೆಂದು ಬಗೆದು, ನಾಲ್ಕುನೂರಕ್ಕೂ ಹೆಚ್ಚು ಮಂದಿ ಜಂಗಮರನ್ನು ನಂಜನಗೂಡಿಗೆ ಕರೆಯಿಸಿ ತಲೆಹೊಡೆಯಿಸಿದರೆಂದೂ, ಏಳುನೂರು ಮಠಗಳನ್ನು ಕೆಡಹಿಸಿದರೆಂದೂ ವಿಲ್ಕ್ಸ್ ಸಾಹೇಬನು 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಬರೆದಿರುವನು. ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದರೂ ಇರಬಹುದು. ಆ ಅರಸರು ಶ್ರೀವೈಷ್ಣವಭಕ್ತರು. ಅದರಿಂದ ನಾವು ಇಂದು ತಿರುನಾಮಧಾರಿಯಾದ ನೆರೆಯವನನ್ನು ಕಂಡು ಬಾಗಿಲು ಮುಚ್ಚುತ್ತೇವೆಯೆ? ಅದಕ್ಕೂ ಐದುನೂರು ವರ್ಷಗಳ ಹಿಂದೆ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಯಿಸಿದ ಕಥೆಯನ್ನು ನಮ್ಮ ಪುರಾಣಗಳು ಹೇಳುತ್ತವೆ, ಬಿಜ್ಜಳನು ಮುಸಲ್ಮಾನನಾಗಿರಲಿಲ್ಲ. ನಮ್ಮ ಕಾಲದಲ್ಲಿಯೇ ವಚನಸಾಹಿತ್ಯಕ್ಕೆ ಬಾಳನ್ನು ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ನೆಯ ಆಗಸ್ಟ್ 30ರಂದು ಧಾರವಾಡದಲ್ಲಿ ಮನೆಬಾಗಿಲಿಗೆ ಬಂದು ಗುಂಡಿಕ್ಕಿ ಕೊಂದರು. ಆ ಮೊಕದ್ದಮೆಯ ದೋಷಾರೋಪಣಪತ್ರದಲ್ಲಿರುವ ಹೆಸರುಗಳನ್ನು ಓದಿನೋಡಬಹುದು. ನಾವು ಯಾರಿಗೆ ಅಂಜುತ್ತಿದ್ದೆವೋ ಅವರ ಹೆಸರುಗಳು ಅಲ್ಲಿಲ್ಲ. ಅನ್ಯರ ವಿಷಯದಲ್ಲಿ ಕೆಲವರ ಪಾಪವನ್ನು ಕುಲಕ್ಕೆ ಹಚ್ಚುವುದು, ಸ್ವಜನರ ವಿಷಯದಲ್ಲಿ ಪಾಪವನ್ನು ಪಾಪಿಯೊಬ್ಬನಿಗೇ ಬಿಡುವುದು, ಈ ಎರಡು ತಕ್ಕಡಿಗಳಿಂದ ವ್ಯಾಪಾರವೂ ನಡೆಯದು, ವಿಚಾರವೂ ನಡೆಯದು.

ಇನ್ನು ಗೋರಟಾದ ಮುಂದಿನ ಕಥೆ. ಇದನ್ನು ನಮ್ಮವರು ಹೇಳುವುದು ಕಡಿಮೆ. ಆದುದರಿಂದ ನಾನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. ರಜಾಕಾರರ ಪಡೆ ಚೆದರಿತು, ರಜ್ವಿ ಸೆರೆಯಾದನು. ಹಾವು ಬುಟ್ಟಿಯನ್ನು ಸೇರಿತು. ಭಯದ ವಿಷಯವು ನಷ್ಟವಾದ ಮೇಲೆ ಭಯವೂ ನಷ್ಟವಾಗಬೇಕಷ್ಟೆ? ಆಗಲಿಲ್ಲ. ಅದು ರೂಪಾಂತರಗೊಂಡು ಆಯುಧವನ್ನೇ ಮುಟ್ಟದಿದ್ದ ಮುಸಲ್ಮಾನರ ಮೇಲೆ ಎರಗಿತು. ಪ್ರಧಾನಿ ನೆಹರೂರವರು ಪಂಡಿತ ಸುಂದರಲಾಲರ ಮಂಡಲಿಯನ್ನು ವಿಚಾರಣೆಗೆ ಕಳುಹಿಸಿದರು. ಅವರು ಸುತ್ತಾಡಿ, ಸೈನ್ಯ ಪ್ರವೇಶಿಸಿದ ಸಮಯದಲ್ಲಿಯೂ ಅನಂತರವೂ ಹತರಾದವರ ಸಂಖ್ಯೆ ಸುಮಾರು 27,000ದಿಂದ 40,000ದವರೆಗೆ ಎಂದು ಅಂದಾಜುಮಾಡಿದರು. ಅತ್ಯಧಿಕವಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಬೀದರ ಮತ್ತು ಕಲಬುರ್ಗಿ; ಉಳಿದವು ಉಸ್ಮಾನಾಬಾದು, ನಾಂದೇಡ. ವರದಿಯು ಬಹುಕಾಲ ಪ್ರಕಟವಾಗದೆ ಉಳಿಯಿತು. ಮೇ ತಿಂಗಳ ಭಯವು ವಿವೇಕ. ಸೆಪ್ಟೆಂಬರಿನ ಕೊಲೆಗೂ ಅದೇ ಭಯದ ಹೆಸರು ಹೇಳಿದರೆ ಒಪ್ಪಲಾಗದು. ಹೆಸರೊಂದೇ, ವಸ್ತು ಬೇರೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯುಂಟು. ಒಂದೇ ಕಸಬಿನವರಲ್ಲಿ ಪರಸ್ಪರ ಮಮತೆ ಹೆಚ್ಚಾಗಿ ಕಂಡಿತಂತೆ. ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಕಾಯಲು ಹೋಗಿ ತಮ್ಮ ಪ್ರಾಣವನ್ನೇ ಕೊಟ್ಟರಂತೆ. ಕಾಯಕವೆಂದು ದಿನವೂ ಜಪಿಸುವ ನಾವು ಈ ವಾಕ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮತ್ತೊಂದು ಪಕ್ಷದಲ್ಲಿ, ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕರಾದ ಶೋಯಬುಲ್ಲಾ ಖಾನರನ್ನು ರಜಾಕಾರರು 1948ರ ಆಗಸ್ಟಿನಲ್ಲಿ ಕೈಕಡಿದು ಕೊಂದರು. ರಜಾಕಾರರಿಗೆ ಅಂಜಬೇಕಾದವರಲ್ಲಿ ಮುಸಲ್ಮಾನರೂ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಟೀಪೂ ಸುಲ್ತಾನನ ಮಾತನ್ನು ಎತ್ತುವವರುಂಟು. ಕೊಡಗಿನಲ್ಲಿಯೂ ಮಂಗಳೂರಿನ ಕ್ರೈಸ್ತರಲ್ಲಿಯೂ ಆತನು ಮಾಡಿದ ಬಲಾತ್ಕಾರವು ನಿಜ. 1791ರಲ್ಲಿ ಮರಾಠಾ ಸೈನ್ಯದವರು ಶೃಂಗೇರಿಯನ್ನು ಕೊಳ್ಳೆಹೊಡೆದಾಗ ಶಾರದಾಪ್ರತಿಷ್ಠೆಗೆ ಹಣವಿತ್ತು ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದ ಬರೆದವನೂ ಅವನೇ. ಆ ಕಾಗದಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಎರಡನ್ನೂ ಓದಬೇಕು. ಒಂದನ್ನೇ ಓದುವವನಿಗೆ ಬೇಕಾಗಿರುವುದು ಚರಿತ್ರೆಯಲ್ಲ.

ಈ ಕಾಲದ ಭಯಗಳಿಗೆ ಬರೋಣ. 2008ರ ಜುಲೈ 25ರಂದು ಈ ನಗರದಲ್ಲಿ ಸಾಲುಸಾಲಾಗಿ ಬಾಂಬುಗಳು ಸಿಡಿದುವು. 2024ರ ಮಾರ್ಚ್ 1ರಂದು ಉಪಾಹಾರಗೃಹವೊಂದರಲ್ಲಿ ಸಿಡಿಯಿತು. ಮತದ ಹೆಸರಿನಲ್ಲಿ ಕೊಲ್ಲುವವರ ಸಂಘಟನೆಗಳು ಲೋಕದಲ್ಲಿರುವುದು ದಿಟ. ಅವುಗಳಿಗೆ ಅಂಜುವುದೂ, ಆರಕ್ಷಕರಿಗೆ ಸಹಾಯಮಾಡುವುದೂ ಪ್ರಜೆಯ ಧರ್ಮ. ಹಾಗೆಯೇ ಮತತ್ಯಾಗಮಾಡಿದವನಿಗೆ ಮರಣದಂಡನೆಯೆಂಬ ಅವರ ಪ್ರಾಚೀನ ಧರ್ಮಶಾಸ್ತ್ರಜ್ಞರ ಅಭಿಪ್ರಾಯವನ್ನು ಖಂಡಿಸುವುದು ದ್ವೇಷವಲ್ಲ. ಶರಣರು ವೇದಾಗಮಗಳನ್ನೇ ಒರೆಗೆ ಹಚ್ಚಿದವರು. ಆದರೆ "ಅವರ ಸಂಖ್ಯೆ ಬೆಳೆದು ನಮ್ಮನ್ನು ಮುಳುಗಿಸುವುದು" ಎಂಬ ಭಯಕ್ಕೆ ಎಣಿಕೆಯೇ ಮದ್ದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಮುಸಲ್ಮಾನರು ನೂರಕ್ಕೆ 12.92. ದೇಶದಲ್ಲಿ ಒಬ್ಬ ಮುಸಲ್ಮಾನ ಸ್ತ್ರೀಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 4.4 ಇದ್ದುದು 2019–21ಕ್ಕೆ 2.36ಕ್ಕೆ ಇಳಿಯಿತು, ಹಿಂದೂ ಸ್ತ್ರೀಗೆ 3.3ರಿಂದ 1.94ಕ್ಕೆ. ಇಳಿತವು ಅವರಲ್ಲಿಯೇ ಹೆಚ್ಚು. ವಾಟ್ಸಾಪಿನಲ್ಲಿ ಬರುವ ಲೆಕ್ಕಕ್ಕೂ ಸರಕಾರದ ಸಮೀಕ್ಷೆಯ ಲೆಕ್ಕಕ್ಕೂ ತಾಳೆಯಾಗದಿದ್ದರೆ ಯಾವುದನ್ನು ನಂಬಬೇಕೆಂದು ಲೇವಾದೇವಿಮಾಡುವ ಈ ಸಭೆಯ ವರ್ತಕರಿಗೆ ನಾನು ಹೇಳಬೇಕೆ?

ನಮ್ಮ ಸಮಾಜದ ಆಚರಣೆಯೂ ಈ ಪ್ರಶ್ನೆಗೆ ಉತ್ತರಕೊಟ್ಟಿದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಅರಬ್ಬೀ ಶಬ್ದವಿದೆ. ಆ ಹೆಸರಿಗೆ ಅಂಜಿ ಯಾವ ಭಕ್ತನೂ ಹಿಂದಿರುಗಿಲ್ಲ. ಶಿಶುನಾಳದ ಷರೀಫರನ್ನು (1819–1889) ಶಿಷ್ಯರನ್ನಾಗಿ ಸ್ವೀಕರಿಸಿದ ಗೋವಿಂದಭಟ್ಟರು ಬ್ರಾಹ್ಮಣರು. ಅವರ ಹಾಡುಗಳನ್ನು ನಮ್ಮ ಮಠಗಳ ಭಜನೆಗಳಲ್ಲಿಯೂ ಹಾಡುತ್ತಾರೆ. ಆಳಂದ ತಾಲ್ಲೂಕಿನ ಖಜೂರಿಮಠದ ಸ್ವಾಮಿಗಳು ಗದಗ ಜಿಲ್ಲೆಯ ಅಸೂಟಿಯ ಶಾಖಾಮಠಕ್ಕೆ ಮುಸಲ್ಮಾನ ಮನೆಯಲ್ಲಿ ಹುಟ್ಟಿದ ಯುವಕನಿಗೆ ದೀಕ್ಷೆಯಿತ್ತರು. ಅವನ ತಂದೆ ಮಠಕ್ಕೆಂದು ಎರಡು ಎಕರೆ ಭೂಮಿಯನ್ನು ಬಿಟ್ಟುಕೊಟ್ಟಿದ್ದನು.

ಮನೆ ಬಾಡಿಗೆಯ ಮಾತನ್ನು ಹಲವರು ಕೇಳಿರುವಿರಿ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ಇಷ್ಟಲಿಂಗಪೂಜೆ ನಡೆಯುವುದು, ಮಾಂಸವನ್ನು ಬೇಯಿಸುವವರಿಗೆ ಮನೆ ಕೊಡಲಾಗದು ಎನ್ನುವಿರಿ. ಈ ಮಾತನ್ನು ಮಾಂಸಾಹಾರಿಯಾದ ಸರ್ವರಿಗೂ ಹೇಳುವುದಾದರೆ ಅದು ಆಚಾರ. ಗೌಡರ ಮನೆಯವರು ಬಂದಾಗ ಅಡಿಗೆಯ ಮಾತೆತ್ತದೆ, ಹೆಸರು ಕೇಳಿದೊಡನೆ ಮಾತ್ರ ಆಚಾರವು ನೆನಪಾಗುವುದಾದರೆ ಅದು ಆಚಾರವಲ್ಲ, ಆಚಾರದ ಹೊದಿಕೆ. ಯಾವ ಬಾಡಿಗೆದಾರನಲ್ಲಿಯೂ ಕೇಳುವ ಮುಂಗಡ, ಕರಾರುಪತ್ರ, ಗುರುತಿನ ಚೀಟಿ, ಇವಿಷ್ಟನ್ನೂ ಕೇಳಿರಿ. ಅದಕ್ಕಿಂತ ಹೆಚ್ಚನ್ನು ಕೇಳಬೇಡಿರಿ.

ಕಡೆಯದಾಗಿ ಶ್ರೀಮಠದ ಜಾತ್ರೆಯ ಸಂಗತಿ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಿಂದ ಮೊದಲಾಗಿ ನಾಡಿನ ಹಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಕೊಡಕೂಡದೆಂಬ ಕೂಗೆದ್ದಿತು. ಧಾರ್ಮಿಕದತ್ತಿಯ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ಹೇಳಿದರು. ಆ ಅಧಿನಿಯಮವು ಮಠಗಳಿಗೆ ಅನ್ವಯಿಸತಕ್ಕದ್ದಲ್ಲ. ಆದುದರಿಂದ ಕಾನೂನಿನ ಮರೆಯಲ್ಲಿ ನಿಲ್ಲಲು ನಮಗೆ ಎಡೆಯಿಲ್ಲ, ನಿರ್ಣಯವು ನಮ್ಮದೇ ಆಗಿರುವುದು. ಬಳೆ ತೊಡಿಸಿಕೊಂಡ ನಮ್ಮ ತಾಯಂದಿರಲ್ಲಿ ಯಾರಿಗೆ ಆ ಬಳೆಗಾರನಿಂದ ಏನು ಕೇಡಾಯಿತೆಂದು ಜಾತ್ರಾಸಮಿತಿಯವರು ಮೊದಲು ವಿಚಾರಿಸಲಿ. ಕೇಡಿದ್ದರೆ ಆ ಬಳೆಗಾರನೊಬ್ಬನನ್ನು ಬಿಡಲಿ. ಇಲ್ಲದಿದ್ದರೆ ಹಿಂದಿನ ವರ್ಷ ಯಾರಿಗೆ ಯಾವ ಸ್ಥಳವಿದ್ದಿತೋ ಅದೇ ಸ್ಥಳವನ್ನು ಅದೇ ನೆಲಬಾಡಿಗೆಗೆ ಕೊಟ್ಟು, ಉಳಿದುದಕ್ಕೆ ಚೀಟಿಯೆತ್ತಲಿ. ಅರ್ಜಿಗಳ ಕಟ್ಟು ಸಮಿತಿಯ ಕಾರ್ಯದರ್ಶಿಗಳ ಬಳಿಯಲ್ಲಿದೆ; ಪ್ರಸಾದವಾದ ಬಳಿಕ ಅವರು ಅದನ್ನು ಪೂಜ್ಯರ ಸನ್ನಿಧಿಯಲ್ಲಿಡುವರು.