ಎರಡನೆಯ ಸಲ ಎಡವಿದ ಬಾಲಕನೂ ಸಮಾಜದ ಹೊಣೆಯೂ



ಒಮ್ಮೆ ತಪ್ಪಿದ ಬಾಲಕನನ್ನು ಲೋಕವು ಕ್ಷಮಿಸುವದುಂಟು; ಮತ್ತೆ ತಪ್ಪಿದವನನ್ನು ಮಾತ್ರ ‘ಇವನು ತಿದ್ದತಕ್ಕವನಲ್ಲ’ವೆಂದು ಕೈಬಿಡುವದೇ ರೂಢಿ. ಆದರೆ ಅವನು ಪುನಃ ಕೆಟ್ಟದ್ದು ಕ್ಷಮೆಯ ದೋಷದಿಂದಲೋ, ಕ್ಷಮೆಯ ತರುವಾಯ ಆಸರೆ ದೊರೆಯದ ದೋಷದಿಂದಲೋ ಎಂಬುದನ್ನು ವಿಚಾರಿಸುವವರು ವಿರಳ.

ತಪ್ಪಿತಸ್ಥನನ್ನು ಸೆರೆಗೆ ಕಳುಹದೆ, ಸನ್ನಡತೆಯ ಕರಾರಿನ ಮೇಲೆ ಒಬ್ಬರ ಮೇಲ್ವಿಚಾರಣೆಯಲ್ಲಿ ಬಿಡುವ ಕ್ರಮಕ್ಕೆ ಪರಿವೀಕ್ಷಣೆಯೆಂದು ಹೆಸರು. ಇದರ ಆದ್ಯಪುರುಷರಲ್ಲಿ ಅಗ್ರಗಣ್ಯನು ಅಮೇರಿಕದ ಬೋಸ್ಟನ್ ನಗರದಲ್ಲಿ ಪಾದರಕ್ಷೆ ಮಾಡುವ ಕಾಯಕದವನಾದ ಜಾನ್ ಆಗಸ್ಟಸ್. 1841 ರಲ್ಲಿ ಅವನು ಕುಡುಕನೊಬ್ಬನಿಗೆ ಜಾಮೀನಾದನು. 1847 ರಲ್ಲಿ 7 ರಿಂದ 15 ವರ್ಷದ 19 ಹುಡುಗರಿಗೆ ಹೊಣೆನಿಂತನು. ನ್ಯಾಯಾಲಯವು ಆ ಮೊಕದ್ದಮೆಗಳನ್ನು ಕೆಲವು ತಿಂಗಳು ಮುಂದೂಡುತ್ತ ಬರಲು, ಅವನು ತಿಂಗಳು ತಿಂಗಳು ಹಾಜರಾಗಿ ಹುಡುಗರ ನಡತೆಯನ್ನು ಅರಿಕೆಮಾಡಿದನು. ಮ್ಯಾಸಚುಸೆಟ್ಸ್ ಪ್ರಾಂತದಲ್ಲಿ ಇದಕ್ಕೆ ಕಾಯಿದೆಯಾದದ್ದು 1878 ರಲ್ಲಿ. ಕಾಯಿದೆಗಿಂತ ಮೊದಲೇ ಕರುಣೆಯು ದಾರಿ ತೋರಿತ್ತು.

ಭಾರತದಲ್ಲಿ 2015 ರ ಬಾಲನ್ಯಾಯ ಕಾಯಿದೆಯು 2016 ರ ಜನೇವರಿ 15 ರಿಂದ ಜಾರಿಯಲ್ಲಿರುವದು. ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ನ್ಯಾಯಾಧೀಶರೂ ಇಬ್ಬರು ಸಮಾಜಸೇವಕರೂ ಇದ್ದು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರತಕ್ಕದ್ದು. ತಂದೆತಾಯಿಗಳ, ಪಾಲಕರ ಅಥವಾ ಯೋಗ್ಯರೆಂದು ಮನ್ನಣೆ ಪಡೆದವರ ವಶಕ್ಕೆ ಮಗುವನ್ನು 3 ವರ್ಷಗಳಿಗೆ ಮೀರದಂತೆ ಪರಿವೀಕ್ಷಣೆಯ ಮೇಲೆ ಬಿಡಲು ಮಂಡಳಿಗೆ ಅಧಿಕಾರವುಂಟು. ಶಾಲೆ, ಕೈಕಸಬು, ಚಿಕಿತ್ಸೆ, ವ್ಯಸನಮುಕ್ತಿ ಇವುಗಳನ್ನೂ ಅದು ಆಜ್ಞಾಪಿಸಬಹುದು. ಮಗುವನ್ನು ಸಂಸ್ಥೆಯಲ್ಲಿಡುವದು ಕೊನೆಯ ಉಪಾಯವೆಂಬುದೇ ಕಾಯಿದೆಯ ತತ್ತ್ವ.

ಇಷ್ಟಿದ್ದರೂ ಬಾಲಕನು ಪುನಃ ಎಡವುವದೇಕೆ? ಪರಿವೀಕ್ಷಣಾಧಿಕಾರಿಯು ಮನೆಗೆ ಬಂದು ಹೋಗುವನು. ಶಾಲೆಯ ಬಾಗಿಲು ಮುಚ್ಚಿರುವದನ್ನು ಅವನಿಗೆ ತಿಳಿಸುವವರಿಲ್ಲ. ವೈದ್ಯನು ವ್ಯಸನಕ್ಕೆ ಔಷಧ ಕೊಡುವನು. ಸಂಜೆಗೆ ಹಳೆಯ ಗೆಳೆಯರೇ ಬಾಗಿಲಲ್ಲಿ ನಿಂತಿರುವದನ್ನು ಅವನರಿಯನು. ಒಬ್ಬೊಬ್ಬರೂ ತಮ್ಮ ಕೆಲಸ ಮಾಡಿರುವರು; ಆದರೆ ಕೈಗಳ ನಡುವಿನ ಸಂದಿನಲ್ಲಿ ಮಗು ಜಾರಿಹೋಗಿರುವದು. ಆದುದರಿಂದ ಇವರೆಲ್ಲರೂ ಒಂದೆಡೆ ಕುಳಿತು, ಆ ಮಗುವಿನ ಸಲುವಾಗಿ ಒಂದೇ ಯೋಜನೆಯನ್ನು ಬರೆದು, ಯಾವ ಹೊಣೆ ಯಾರದೆಂದು ಗೊತ್ತುಮಾಡಬೇಕು. ಎರಡನೆಯ ತಪ್ಪು ಒದಗಿದಾಗ ಆ ಯೋಜನೆಯನ್ನು ಹರಿದೊಗೆಯದೆ, ಎಲ್ಲಿ ಸಡಿಲವಾಯಿತೆಂದು ನೋಡಿ ಬಿಗಿಗೊಳಿಸಬೇಕು. ಹಾನಿಗೊಳಗಾದವರ ದುಃಖವನ್ನೂ ಮರೆಯಲಾಗದು. ಬಾಲಕನು ತಿದ್ದಿಕೊಂಡರೆ ನೆರೆಹೊರೆಗೂ ಅದೇ ರಕ್ಷಣೆ.

ಇಲ್ಲಿ ಮಠಗಳಿಗೂ ಭಕ್ತರಿಗೂ ಸ್ಥಾನವುಂಟು. ನೋಂದಾಯಿತ ಸೇವಾಸಂಸ್ಥೆಗಳನ್ನು ಪರೀಕ್ಷಿಸಿ, ಮಕ್ಕಳ ತಾತ್ಕಾಲಿಕ ಹೊಣೆ ಹೊರಲು ಯೋಗ್ಯವೆಂದು ಮನ್ನಿಸುವ ಅವಕಾಶವು ಕಾಯಿದೆಯಲ್ಲಿರುವದು. ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯಗಳನ್ನು ನಡೆಯಿಸಿದ ಮಠಗಳಿಗೆ ಇದು ಹೊಸ ದಾರಿಯಲ್ಲ. ಬಡಿಗನು ಉಳಿ ಹಿಡಿಯುವದನ್ನು ಕಲಿಸಲಿ. ಶಿಕ್ಷಕನು ಬಿಟ್ಟುಹೋದ ಪಾಠವನ್ನು ಹೇಳಿಕೊಡಲಿ. ತಾಯಂದಿರು ಊಟಕ್ಕೆ ಕರೆಯಲಿ. ಆದರೆ ಮಗುವಿನ ಹೆಸರನ್ನು ಪ್ರಕಟಿಸುವದು ಕಾಯಿದೆಗೆ ವಿರುದ್ಧ. ಉಪಕಾರದ ಡಂಗುರವೂ ಅವನಿಗೆ ಕಳಂಕವೇ ಆಗುವದು.

ದಾಸೋಹವು ಹಸಿದವನಿಗೆ ಅನ್ನವಿಕ್ಕುವಾಗ ಇದು ಎಷ್ಟನೆಯ ಸಲವೆಂದು ಕೇಳುವದಿಲ್ಲ. ಎಡವಿದ ಮಕ್ಕಳ ವಿಷಯದಲ್ಲಿಯೂ ಸಮಾಜಕ್ಕೆ ಅದೇ ತಾಳ್ಮೆಯು ಲಭಿಸಲಿ.

ಶುಭಂ ಭವತು.